ಸೈಕಲ್ಲಿನ ವೇಷ, ಮೋಟಾರಿನ ವೇಗ

ನಮ್ಮ ಪಟ್ಟಣಗಳ ಬೀದಿಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ವಾಹನವು ಕಾಣಿಸಿಕೊಂಡಿರುವುದನ್ನು ವಾಚಕರಲ್ಲಿ ಅನೇಕರು ಗಮನಿಸಿರಬಹುದು. ನೋಡುವುದಕ್ಕೆ ಅದು ಬೈಸಿಕಲ್ಲೇ. ಎರಡು ಚಕ್ರ, ಒಂದು ಪೀಠ, ತುಳಿಯುವ ಪೆಡಲು, ಎಲ್ಲವೂ ಇವೆ. ಆದರೆ ಸವಾರನು ತುಳಿಯುತ್ತಿರುವಂತೆ ಕಾಣುವುದಿಲ್ಲ. ತುಳಿದರೂ ಅದು ನೆಪಮಾತ್ರಕ್ಕೆ. ಸದ್ದಿಲ್ಲದೆ ಹಿಂದಿನಿಂದ ಬಂದು, ಆಟೋರಿಕ್ಷಾಗಳನ್ನು ಹಿಂದಕ್ಕೆ ಹಾಕಿ, ದಾರಿಹೋಕನು ಬೆಚ್ಚಿ ಪಕ್ಕಕ್ಕೆ ಸರಿಯುವಷ್ಟರಲ್ಲಿ ಅದು ಮುಂದಿನ ತಿರುವಿನಲ್ಲಿ ಮರೆಯಾಗಿರುತ್ತದೆ. ಇದನ್ನು ಸೈಕಲ್ಲೆಂದು ಕರೆಯಬೇಕೇ, ಮೋಟಾರು ವಾಹನವೆಂದು ಕರೆಯಬೇಕೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಶಬ್ದಗಳ ಜಗಳದಂತೆ ತೋರಬಹುದು. ಆದರೆ ಸವಾರನ ಪ್ರಾಣವೂ ಪಾದಚಾರಿಯ ಪ್ರಾಣವೂ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿದ್ಯುತ್ ಬೈಸಿಕಲ್ಲಿಗೆ ನಾವು ವಿರೋಧಿಗಳಲ್ಲ. ಕಚೇರಿಗೆ ಹೋಗುವ ಗುಮಾಸ್ತನಿಗೆ, ಏರುದಾರಿಯಲ್ಲಿ ಸಾಮಾನು ಹೊತ್ತು ಸಾಗುವ ವ್ಯಾಪಾರಿಗೆ, ಮೊಣಕಾಲು ನೋವಿನಿಂದ ಹಳೆಯ ಸೈಕಲ್ಲನ್ನು ಮೂಲೆಗೆ ಒರಗಿಸಿದ ವೃದ್ಧನಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ವಾಹನವು ಮತ್ತೊಂದಿಲ್ಲ. ಅದು ಹೊಗೆಯುಗುಳುವುದಿಲ್ಲ, ಬೀದಿಯನ್ನು ಗದ್ದಲದಿಂದ ತುಂಬುವುದಿಲ್ಲ, ನಿಲ್ಲಿಸಲು ಹೆಚ್ಚು ಜಾಗವನ್ನು ಕೇಳುವುದಿಲ್ಲ. ಇಂಥ ಸಾಧು ವಾಹನದ ಹೆಸರಿನಲ್ಲಿ ಅತಿವೇಗದ ಯಂತ್ರಗಳು ಬೀದಿಗಿಳಿದು ಅನಾಹುತ ಮಾಡಿದರೆ, ಕೊನೆಗೆ ನಿರ್ಬಂಧದ ಪೆಟ್ಟು ಬೀಳುವುದು ಸಾಧುವಿಗೇ. ಆದುದರಿಂದ ಇವೆರಡನ್ನೂ ಬೇರೆಬೇರೆಯಾಗಿ ಕಾಣಬೇಕಾದುದು ಅಗತ್ಯ.

ಕಾನೂನು ಈ ಭೇದವನ್ನು ಆಗಲೇ ಮಾಡಿದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ೦.೨೫ ಕಿಲೋವಾಟ್, ಅಂದರೆ ೨೫೦ ವಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರಿನಿಂದ ಗಂಟೆಗೆ ೨೫ ಕಿಲೋಮೀಟರಿನೊಳಗಿನ ವೇಗದಲ್ಲಿ ಓಡುವ, ತೂಕವೇ ಮೊದಲಾದ ಕೆಲವು ಷರತ್ತುಗಳಿಗೆ ಒಳಪಟ್ಟ ಬ್ಯಾಟರಿ ದ್ವಿಚಕ್ರ ವಾಹನವನ್ನು ಮೋಟಾರು ವಾಹನವೆಂದು ಎಣಿಸತಕ್ಕದ್ದಲ್ಲ. ಪೆಡಲಿಗೆ ನೆರವಾಗುವ ಬಗೆಯದಾದರೆ, ವೇಗವು ೨೫ನ್ನು ಮುಟ್ಟುತ್ತಲೇ ಅಥವಾ ಸವಾರನು ತುಳಿಯುವುದನ್ನು ನಿಲ್ಲಿಸುತ್ತಲೇ ಮೋಟಾರಿನ ಸಹಾಯವೂ ನಿಲ್ಲಬೇಕು. ಐರೋಪ್ಯ ಒಕ್ಕೂಟದಲ್ಲಿಯೂ ಸಾಮಾನ್ಯ ವಿದ್ಯುತ್ ಬೈಸಿಕಲ್ಲಿಗೆ ಇರುವ ಎಲ್ಲೆಯು ಇದೇ: ೨೫೦ ವಾಟ್, ೨೫ ಕಿಲೋಮೀಟರ್. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೨೦೦೨ರ ಕಾನೂನು ೭೫೦ ವಾಟ್‌ವರೆಗೆ ಎಡೆಗೊಟ್ಟಿತಾದರೂ, ಕೇವಲ ಮೋಟಾರಿನಿಂದ ಓಡುವ ವೇಗವು ಗಂಟೆಗೆ ೨೦ ಮೈಲಿಯೊಳಗಿರಬೇಕೆಂದು ವಿಧಿಸಿತು. ದೇಶಗಳು ಬೇರೆಯಾದರೂ ತತ್ತ್ವವು ಒಂದೇ. ಗಟ್ಟಿಗನೊಬ್ಬನು ತನ್ನ ಕಾಲಿನ ಬಲದಿಂದ ಎಷ್ಟು ವೇಗವಾಗಿ ಹೋಗಬಲ್ಲನೋ ಅಷ್ಟರವರೆಗೆ ಯಂತ್ರವನ್ನು ಸೈಕಲ್ಲೆಂದು ಮನ್ನಿಸಬಹುದು. ಆ ಗಡಿಯನ್ನು ದಾಟಿದ ಮೇಲೆ ಹೆಸರು ಏನೇ ಇರಲಿ, ಅದು ಮೋಟಾರು ವಾಹನ.

ಈಗ ನಡೆಯುತ್ತಿರುವುದೇನು? ಮಾರುಕಟ್ಟೆಯಲ್ಲಿ ಬಿಡಿಭಾಗಗಳ ಕಟ್ಟುಗಳು ದೊರೆಯುತ್ತವೆ. ಹಳೆಯ ಸೈಕಲ್ಲಿನ ಚಕ್ರಕ್ಕೆ ಸಾವಿರ, ಎರಡು ಸಾವಿರ ವಾಟ್‌ಗಳ ಮೋಟಾರನ್ನು ಕೂರಿಸಬಹುದು; ನಿಯಮಕ್ಕೆ ಒಳಪಟ್ಟು ತಯಾರಾದ ವಾಹನದ ವೇಗಮಿತಿಯನ್ನು ಒಂದು ತಂತಿಯನ್ನು ಕತ್ತರಿಸಿ ಕಿತ್ತುಹಾಕುವುದೂ ಉಂಟು. ಹೀಗೆ ಸಿದ್ಧವಾದ ಯಂತ್ರವು ಗಂಟೆಗೆ ೫೦, ೬೦ ಕಿಲೋಮೀಟರ್ ಓಡುತ್ತದೆ. ಅಂಗಡಿಯಲ್ಲಿ ಅದಕ್ಕೆ ೨೫೦ ವಾಟ್ ಎಂಬ ಚೀಟಿಯನ್ನು ಅಂಟಿಸಿದ್ದರೂ ಅಧಿಕಾರಿಗಳು ಮೋಸಹೋಗಬೇಕಾದ ಕಾರಣವಿಲ್ಲ. ಗಾಳಿಯ ತಡೆಯನ್ನು ಭೇದಿಸಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಸಾರವಾಗಿ ಏರುತ್ತದೆ. ವೇಗವು ಎರಡರಷ್ಟಾದರೆ ಶಕ್ತಿಯು ಎಂಟರಷ್ಟು ಬೇಕು. ನೆಟ್ಟಗೆ ಕುಳಿತ ಸವಾರನಿಗೆ ೨೫ ಕಿಲೋಮೀಟರ್ ವೇಗದಲ್ಲಿ ಗಾಳಿಗಾಗಿಯೇ ನೂರು ವಾಟ್‌ಗೆ ಮೇಲ್ಪಟ್ಟು ವ್ಯಯವಾದರೆ, ೫೦ರಲ್ಲಿ ಎಂಟುನೂರು, ಒಂಬೈನೂರು ವಾಟ್ ವ್ಯಯವಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಕಾಲು ತುಳಿಯದೆ ೫೦ರ ವೇಗದಲ್ಲಿ ಓಡುವ ವಾಹನದ ಮೇಲಿನ ೨೫೦ ವಾಟ್ ಚೀಟಿಯು ಸುಳ್ಳೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಇನ್ನು ಅಪಾಯದ ಲೆಕ್ಕವನ್ನು ನೋಡೋಣ. ಎದುರಿಗೆ ಏನೋ ಅಡ್ಡಬಂದುದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈಯು ಬ್ರೇಕನ್ನು ಹಿಡಿಯುವುದಕ್ಕೆ ಸಾಮಾನ್ಯ ಮನುಷ್ಯನಿಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದು ಇಟ್ಟುಕೊಳ್ಳಬಹುದು. ೨೫ ಕಿಲೋಮೀಟರ್ ವೇಗದ ಸವಾರನು ಅಷ್ಟರಲ್ಲಿ ಹತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತಾನೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೆ ಮತ್ತೆ ಐದು ಮೀಟರಿನಲ್ಲಿ ನಿಲ್ಲುತ್ತಾನೆ. ಒಟ್ಟು ಸುಮಾರು ೧೫ ಮೀಟರ್. ೫೦ರ ವೇಗದ ಸವಾರನಾದರೋ ಬ್ರೇಕು ಹಿಡಿಯುವುದಕ್ಕೆ ಮೊದಲೇ ೨೧ ಮೀಟರ್ ಸಾಗಿರುತ್ತಾನೆ. ನಿಲ್ಲುವುದಕ್ಕೆ ಮತ್ತೆ ೨೦ ಮೀಟರ್ ಬೇಕು. ಒಟ್ಟು ಸುಮಾರು ೪೦ ಮೀಟರ್. ಇದರ ಅರ್ಥವನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ೨೦ ಮೀಟರ್ ದೂರದಲ್ಲಿ ಒಂದು ಮಗುವು ಚೆಂಡಿನ ಹಿಂದೆ ಬೀದಿಗೆ ಓಡಿಬಂದಿತೆಂದು ಭಾವಿಸೋಣ. ಮೊದಲನೆಯ ಸವಾರನು ಮಗುವಿನಿಂದ ಐದು ಮೀಟರ್ ಈಚೆಗೇ ನಿಂತು ಅದನ್ನು ಗದರಿಸಿ ಕಳುಹಿಸುತ್ತಾನೆ. ಎರಡನೆಯವನು ಮಗುವಿಗೆ ಬಡಿಯುವಾಗ ಅವನ ಬೆರಳುಗಳು ಬ್ರೇಕನ್ನು ಇನ್ನೂ ಮುಟ್ಟಿರುವುದಿಲ್ಲ. ಪೂರ್ಣ ವೇಗದಿಂದಲೇ ಬಡಿಯುತ್ತಾನೆ.

ಆಘಾತದ ಬಲವೂ ವೇಗದ ಜೊತೆಗೆ ಸಮನಾಗಿ ಏರುವುದಿಲ್ಲ. ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ೨೫ ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದು ಎರಡೂವರೆ ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ೫೦ರಲ್ಲಿ ಬಡಿಯುವುದು ಸುಮಾರು ಹತ್ತು ಮೀಟರಿನಿಂದ, ಎಂದರೆ ಮೂರು ಅಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದುದಕ್ಕೆ ಸಮ. ಹೆಲ್ಮೆಟ್ಟು ಇದೆಯಲ್ಲಾ ಎಂದು ಕೆಲವರು ಸಮಾಧಾನಪಟ್ಟುಕೊಳ್ಳಬಹುದು. ಸೈಕಲ್ ಸವಾರರಿಗೆಂದು ಮಾಡಿದ ಹೆಲ್ಮೆಟ್ಟನ್ನು ಐರೋಪ್ಯ ಮಾನದಂಡದ ಪ್ರಕಾರ ಪರೀಕ್ಷಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸಿ. ಆಗಿನ ವೇಗವು ಗಂಟೆಗೆ ೨೦ ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಸೈಕಲ್ಲಿನಿಂದ ಉರುಳಿ ನೆಲಕ್ಕೆ ತಲೆ ತಗಲುವವನಿಗೆ ಅದು ದೊಡ್ಡ ರಕ್ಷಣೆ. ೫೦ರ ವೇಗದಲ್ಲಿ ಮೋಟಾರಿಗೆ ಎದುರಾಗುವವನಿಗೆ ಅದು ಅರೆಕೊರೆ ರಕ್ಷಣೆ. ಹಾಲೆಂಡಿನವರು ವೇಗದ ವಿದ್ಯುತ್ ಬೈಸಿಕಲ್ಲುಗಳಿಗೆಂದೇ ೨೦೧೬ರಲ್ಲಿ ಬೇರೊಂದು ಹೆಲ್ಮೆಟ್ಟಿನ ಮಾನದಂಡವನ್ನು ರಚಿಸಬೇಕಾಯಿತು.

ಇವೆಲ್ಲವೂ ಮೋಟಾರ್ ಸೈಕಲ್ಲಿಗೂ ಅನ್ವಯಿಸುವ ಮಾತುಗಳಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ವೇಗದ ಸೈಕಲ್ಲಿಗೆ ಅದರದೇ ಆದ ಎರಡು ಕೇಡುಗಳು ಹೆಚ್ಚಾಗಿ ಅಂಟಿಕೊಂಡಿವೆ. ಮೊದಲನೆಯದು, ಅದರ ರೂಪವು ನೋಡುವವರಿಗೆ ಮಾಡುವ ವಂಚನೆ. ಅಡ್ಡರಸ್ತೆಯಿಂದ ಹೊರಡುವ ಕಾರಿನ ಚಾಲಕನು ಬರುತ್ತಿರುವ ವಾಹನದ ವೇಗವನ್ನು ಅಳೆಯುವುದಿಲ್ಲ. ಅದರ ಆಕಾರವನ್ನು ಕಂಡು ರೂಢಿಯ ಬಲದಿಂದ ಊಹಿಸುತ್ತಾನೆ. ಸೈಕಲ್ಲೆಂದರೆ ಗಂಟೆಗೆ ೧೮ ಕಿಲೋಮೀಟರ್ ಇರಬಹುದೆಂದು ಅವನ ಮನಸ್ಸು ಎಣಿಸುತ್ತದೆ. ಆ ವೇಗದಲ್ಲಿ ಬರುವವನು ಐದು ಸೆಕೆಂಡಿನಲ್ಲಿ ೨೫ ಮೀಟರ್ ಬರುತ್ತಾನೆ. ೫೪ರ ವೇಗದಲ್ಲಿ ಬರುವವನು ಅದೇ ಐದು ಸೆಕೆಂಡಿನಲ್ಲಿ ೭೫ ಮೀಟರ್ ಬಂದುಬಿಡುತ್ತಾನೆ. ಚಾಲಕನು ನೋಡಿಯೇ ಹೊರಟಿದ್ದಾನೆ, ನಿರ್ಲಕ್ಷ್ಯ ಮಾಡಿಲ್ಲ, ಆದರೂ ಡಿಕ್ಕಿಯಾಗುತ್ತದೆ. ರಸ್ತೆ ದಾಟುವ ವೃದ್ಧೆಯ ಪಾಡೂ ಇದೇ. ಆಕೆಗೆ ಕಿವಿಯ ನೆರವೂ ಇಲ್ಲ. ಏಕೆಂದರೆ ಯಂತ್ರವು ನಿಶ್ಶಬ್ದ.

ಎರಡನೆಯದು, ವಾಹನದ ಮೈಕಟ್ಟು. ಸೈಕಲ್ಲಿನ ಚೌಕಟ್ಟು, ಫೋರ್ಕು, ಚಕ್ರದ ಕಡ್ಡಿಗಳು, ತೆಳುವಾದ ಟೈರು, ಬ್ರೇಕಿನ ಸಣ್ಣ ತುಂಡುಗಳು, ಇವನ್ನೆಲ್ಲ ಮಾಡಿರುವುದು ಮನುಷ್ಯನ ಕಾಲಿನ ಬಲಕ್ಕೆ ತಕ್ಕಂತೆ. ಬ್ರೇಕು ನುಂಗಬೇಕಾದ ಶಕ್ತಿಯು ನಾಲ್ಕರಷ್ಟಾದಾಗ ಅದು ಕಾಯುತ್ತದೆ, ಬೇಗ ಸವೆಯುತ್ತದೆ. ಮುಂಚಕ್ರದ ಮೋಟಾರಿನ ತಿರುಚುಬಲವು ಫೋರ್ಕಿನ ತುದಿಗಳನ್ನು ಅಗಲಿಸಿ ಚಕ್ರವನ್ನೇ ಹೊರಕ್ಕೆ ತಳ್ಳಬಲ್ಲುದು. ಮೋಟಾರ್ ಸೈಕಲ್ಲಿನ ದಪ್ಪ ಟೈರು ಹಾರಿಹೋಗುವ ಗುಂಡಿಯಲ್ಲಿ ಸೈಕಲ್ಲಿನ ಚಕ್ರವು ಸಿಕ್ಕಿ ಮಡಚಿಕೊಳ್ಳುತ್ತದೆ. ಬಣ್ಣ ಬಳಿಯದ ಉಬ್ಬುಗಳೂ ಮುಚ್ಚಳವಿಲ್ಲದ ಚರಂಡಿಗಳೂ ಇರುಳಿನಲ್ಲಿ ಅಡ್ಡಬರುವ ನಾಯಿಗಳೂ ನಮ್ಮ ರಸ್ತೆಗಳಲ್ಲಿ ಎಷ್ಟಿವೆ ಎಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ವೇಗದ ಸವಾರರ ಪರವಾಗಿಯೂ ಒಂದು ಬಲವಾದ ವಾದವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಮೋಟಾರುಗಳು ೪೫ರ ವೇಗದಲ್ಲಿ ಓಡುವ ರಸ್ತೆಯಲ್ಲಿ ೨೦ರ ವೇಗದ ಸೈಕಲ್ಲು ಇಕ್ಕಟ್ಟಿಗೆ ಸಿಕ್ಕುತ್ತದೆ, ಪ್ರತಿಯೊಂದು ವಾಹನವೂ ಅದನ್ನು ಮೈಸವರಿ ದಾಟಿಹೋಗುತ್ತದೆ, ಎಲ್ಲರ ವೇಗಕ್ಕೆ ಸಮನಾಗಿ ರಸ್ತೆಯ ನಡುವೆ ಓಡುವವನನ್ನು ದಾಟುವವರೇ ಕಡಿಮೆ ಎಂದು ಅವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ತೆರೆದ ಹೆದ್ದಾರಿಯಲ್ಲಿ ವೇಗದ ಅಂತರವು ಕಡಿಮೆಯಾದಷ್ಟೂ ಹಿಂದಿನಿಂದ ಬರುವ ಅಪಾಯವು ಕಡಿಮೆಯೇ. ಆದರೆ ಊರೊಳಗಿನ ಸವಾರನಿಗೆ ಅಪಾಯವು ಹಿಂದಿನಿಂದ ಮಾತ್ರ ಬರುವುದಿಲ್ಲ. ಅಡ್ಡರಸ್ತೆಯಿಂದಲೂ ತಟ್ಟನೆ ತೆರೆದ ಕಾರಿನ ಬಾಗಿಲಿನಿಂದಲೂ ಬರುತ್ತದೆ. ಅಲ್ಲಿ ವೇಗವು ನೆರವಾಗುವುದಿಲ್ಲ, ಕೆಡಿಸುತ್ತದೆ. ಅಲ್ಲದೆ, ಮೋಟಾರಿಗೆ ಸಮನಾಗಿ ಓಡುವ ಹಕ್ಕನ್ನು ಕೇಳುವವನು ಮೋಟಾರಿಗೆ ಇರುವ ಹೊಣೆಗಳನ್ನು ಮಾತ್ರ ಬೇಡವೆನ್ನುವುದು ಎಲ್ಲಿಯ ನ್ಯಾಯ? ತಪ್ಪಿ ಒಬ್ಬ ಬಡ ದಾರಿಹೋಕನ ಕಾಲು ಮುರಿದರೆ, ವಿಮೆಯಿಲ್ಲದ, ಸಂಖ್ಯಾಫಲಕವಿಲ್ಲದ ಸವಾರನಿಂದ ಆ ಬಡವನಿಗೆ ಪರಿಹಾರವನ್ನು ಯಾರು ಕೊಡಿಸಬೇಕು?

ಯುರೋಪಿನ ದೇಶಗಳು ಈ ತೊಡಕನ್ನು ಬಿಡಿಸಿದ ಬಗೆಯು ಗಮನಾರ್ಹವಾಗಿದೆ. ಅಲ್ಲಿ ೪೫ ಕಿಲೋಮೀಟರ್‌ವರೆಗೆ ನೆರವಾಗುವ ವೇಗದ ವಿದ್ಯುತ್ ಬೈಸಿಕಲ್ಲನ್ನು ನಿಷೇಧಿಸಲಿಲ್ಲ. ಅದಕ್ಕೊಂದು ಬೇರೆ ವರ್ಗವನ್ನು ಕಲ್ಪಿಸಿದರು. ಹಾಲೆಂಡಿನಲ್ಲಿ ೨೦೧೭ರ ಜನವರಿ ೧ರಿಂದ ಅದನ್ನು ಮೊಪೆಡ್ಡಿಗೆ ಸಮನೆಂದು ಎಣಿಸಲಾಗಿದೆ. ಪರವಾನಗಿ, ವಿಮೆ, ಹಳದಿ ಸಂಖ್ಯಾಫಲಕ, ಹೆಲ್ಮೆಟ್ಟು, ಎಲ್ಲವೂ ಕಡ್ಡಾಯ. ಸೈಕಲ್ಲು ಮತ್ತು ಮೊಪೆಡ್ಡುಗಳಿಗೆ ಕೂಡಿಯೇ ಇರುವ ಪಥಗಳಲ್ಲಿ ಅದರ ವೇಗವು ಊರೊಳಗೆ ೩೦ನ್ನೂ ಊರ ಹೊರಗೆ ೪೦ನ್ನೂ ಮೀರಬಾರದು. ಸ್ವಿಟ್ಜರ್ಲೆಂಡಿನಲ್ಲಿ ೨೦೨೨ರ ಏಪ್ರಿಲಿನಿಂದ ವಿದ್ಯುತ್ ಬೈಸಿಕಲ್ಲುಗಳು ಹಗಲಿನಲ್ಲಿಯೂ ದೀಪ ಹಚ್ಚಿಕೊಂಡು ಓಡಬೇಕು. ವೇಗದವುಗಳಿಗೆ ೨೦೨೪ರಿಂದ ವೇಗಮಾಪಕವೂ ಇರಬೇಕಾಯಿತು. ಹೀಗೆ ವೇಗವನ್ನು ಬಯಸುವವನಿಗೆ ದಾರಿಯೂ ಇದೆ, ಅದರ ಬೆಲೆಯೂ ಗೊತ್ತಾಗಿದೆ. ಇದಕ್ಕೆ ಹೋಲಿಸಬೇಕಾದುದು ನ್ಯೂಯಾರ್ಕ್ ನಗರದ ಸಂಗತಿ. ಅಲ್ಲಿ ದೂರುಗಳು ಹೆಚ್ಚಾದ ಮೇಲೆ ೨೦೨೫ರ ಅಕ್ಟೋಬರ್ ೨೪ರಿಂದ ಎಲ್ಲ ವಿದ್ಯುತ್ ಬೈಸಿಕಲ್ಲುಗಳಿಗೂ ಗಂಟೆಗೆ ೧೫ ಮೈಲಿಯ ಮಿತಿಯನ್ನು ಹೇರಲಾಯಿತು. ಕಾಲಿನಿಂದ ತುಳಿಯುವ ಸಾಮಾನ್ಯ ಸೈಕಲ್ಲಿಗೂ ಇಲ್ಲದ ಈ ಕಟ್ಟು ಸಾಧು ಸವಾರನ ಮೇಲೂ ಬಿದ್ದಿತು. ಭೇದವನ್ನು ಸಕಾಲದಲ್ಲಿ ಕಾಪಾಡದಿದ್ದರೆ ಆಗುವುದು ಹೀಗೆಯೇ.

ನಮ್ಮಲ್ಲಿ ಹೊಸ ಕಾನೂನಿನ ಅಗತ್ಯವು ಅಷ್ಟಾಗಿ ಇಲ್ಲ. ಇರುವುದನ್ನು ಜಾರಿಗೆ ತಂದರೆ ಬಹುಮಟ್ಟಿಗೆ ಸಾಕು. ೨೫ರ ಗಡಿಯನ್ನು ದಾಟಿದ ವಾಹನವು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ಕೆಳಗೆ ಬರುತ್ತದೆ. ನೋಂದಣಿ, ಪರವಾನಗಿ, ವಿಮೆ, ಹೆಲ್ಮೆಟ್ಟು, ಎಲ್ಲವೂ ಆಗ ಕಡ್ಡಾಯವೇ. ೨೦೧೯ರ ತಿದ್ದುಪಡಿಯು ನಿಯಮಬಾಹಿರ ವಾಹನವನ್ನು ಮಾರುವ ಅಥವಾ ಮಾರ್ಪಡಿಸುವ ವ್ಯಾಪಾರಿಗೆ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡವನ್ನೂ ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪ್ರಾಪ್ತ ವಯಸ್ಕನು ಮೋಟಾರು ವಾಹನವನ್ನೋಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಸೈಕಲ್ಲು ತಾನೇ ಎಂದು ಹದಿನಾಲ್ಕು ವರ್ಷದ ಮಗನಿಗೆ ವೇಗದ ಯಂತ್ರವನ್ನು ಕೊಡಿಸುವ ತಂದೆಯು, ತಾನು ಕೊಡಿಸುತ್ತಿರುವುದು ಕಾನೂನಿನ ದೃಷ್ಟಿಯಲ್ಲಿ ಮೋಟಾರ್ ಸೈಕಲ್ಲೆಂಬುದನ್ನು ಅರಿತಿರಬೇಕು. ಅಧಿಕಾರಿಗಳಿಗೆ ನಮ್ಮ ಸೂಚನೆಯೇನೆಂದರೆ, ತಪಾಸಣೆಯು ಬೀದಿಯ ಮೂಲೆಯಲ್ಲಿ ಬಡ ಸವಾರನನ್ನು ತಡೆಯುವುದರಿಂದ ಆರಂಭವಾಗದೆ, ತಂತಿ ಕತ್ತರಿಸಿಕೊಡುವ ಅಂಗಡಿಯಿಂದ ಆರಂಭವಾಗಲಿ. ಮನೆಮನೆಗೆ ಊಟವನ್ನೂ ದಿನಸಿಯನ್ನೂ ಮುಟ್ಟಿಸುವ ಯುವಕನಿಗೆ ಕೂಲಿಯು ಸಲಕ್ಕಿಷ್ಟೆಂದು ಗೊತ್ತಾಗಿರುವಾಗ, ನಿಧಾನವಾಗಿ ಹೋಗೆಂದು ಅವನಿಗೆ ಉಪದೇಶ ಮಾಡುವುದು ಸುಲಭ. ಅವನ ನಿಮಿಷಗಳನ್ನು ಎಣಿಸುವ ಯಜಮಾನನನ್ನೂ ಕೇಳಬೇಕಾಗಿದೆ.

ಕಾನೂನು ಹೇಗೇ ಇರಲಿ, ಹ್ಯಾಂಡಲನ್ನು ಹಿಡಿದವನ ವಿವೇಕಕ್ಕೆ ಬದಲಿಲ್ಲ. ಅಪಾಯವನ್ನು ಅಂಕೆಯಲ್ಲಿಡುವುದೆಂದರೆ ಅಪಾಯ ಬಂದಾಗ ಚಾಕಚಕ್ಯದಿಂದ ತಪ್ಪಿಸಿಕೊಳ್ಳುವುದೆಂದು ಅನೇಕ ಯುವಕರ ಭಾವನೆ. ಅದು ತಪ್ಪು. ಆ ಕೆಲಸದ ಮುಕ್ಕಾಲು ಪಾಲು ಮನೆಯಿಂದ ಹೊರಡುವ ಮೊದಲೇ ಮುಗಿಯತಕ್ಕದ್ದು. ಬ್ರೇಕಿನ ತುಂಡು, ಟೈರಿನ ಗಾಳಿ, ಚಕ್ರದ ಕಡ್ಡಿ, ಫೋರ್ಕಿನ ನಟ್ಟು, ಹಿಂದುಮುಂದಿನ ದೀಪ, ಇವನ್ನು ದಿನವೂ ನೋಡುವವನು ಅರ್ಧ ಗೆದ್ದಂತೆ. ರಸ್ತೆಗಿಳಿದ ಮೇಲೆ ಮುಖ್ಯ ಸೂತ್ರ ಒಂದೇ: ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಲಾಗದ ವೇಗದಲ್ಲಿ ಹೋಗಬಾರದು. ತಿರುವಿನಲ್ಲಿ, ಮಳೆಯಲ್ಲಿ, ಇರುಳಿನಲ್ಲಿ ಕಾಣುವ ದೂರವು ಕುಗ್ಗುತ್ತದೆ, ವೇಗವೂ ಕುಗ್ಗಬೇಕು. ಅಡ್ಡರಸ್ತೆಯ ಬಾಯಿಯಲ್ಲಿ, ತನ್ನನ್ನು ಯಾರೂ ನೋಡಿಲ್ಲ, ನೋಡಿದ್ದರೂ ನಿಧಾನದ ಸೈಕಲ್ಲೆಂದೇ ಎಣಿಸಿದ್ದಾರೆ ಎಂದು ತಿಳಿದು ನಡೆಯಬೇಕು. ನಿಂತ ಕಾರುಗಳ ಸಾಲಿನಿಂದ ಬಾಗಿಲಿನಗಲಕ್ಕಿಂತ ದೂರವಿರಬೇಕು. ಪಾದಚಾರಿಗಳಿರುವಲ್ಲಿ ನಡಿಗೆಯ ವೇಗಕ್ಕೆ ಇಳಿಯಬೇಕು. ಕೂದಲೆಳೆಯಲ್ಲಿ ಪಾರಾದ ದಿನ ತನ್ನ ಕೌಶಲವನ್ನು ಮೆಚ್ಚಿಕೊಳ್ಳದೆ, ಆ ಇಕ್ಕಟ್ಟಿಗೆ ತಾನು ಹೇಗೆ ಸಿಕ್ಕಿದೆನೆಂದು ಕುಳಿತು ಯೋಚಿಸಬೇಕು. ಅದೃಷ್ಟವು ಪ್ರತಿದಿನವೂ ಜೊತೆಗೆ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ಒಂದು ಕಾಯಿದೆಯಾಯಿತು. ಯಂತ್ರದ ಗಾಡಿಯು ಊರೊಳಗೆ ಗಂಟೆಗೆ ಎರಡು ಮೈಲಿ, ಹೊರಗೆ ನಾಲ್ಕು ಮೈಲಿ ಮೀರಬಾರದು; ಅರವತ್ತು ಗಜ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕು. ೧೮೯೬ರಲ್ಲಿ ಆ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಬೇಕಾಯಿತು. ಭಯದಿಂದ ಮಾಡಿದ ಕಾನೂನು ಉಪಯುಕ್ತವಾದ ವಾಹನವನ್ನು ಮೂವತ್ತು ವರ್ಷ ಕಟ್ಟಿಹಾಕಬಲ್ಲುದೆಂಬುದಕ್ಕೆ ಇದು ನಿದರ್ಶನ. ಅಂಥ ಭಯಕ್ಕೆ ಕಾರಣವನ್ನು ಒದಗಿಸದಿರುವುದು ಇಂದಿನ ವೇಗದ ಸವಾರರ ಕೈಯಲ್ಲಿಯೇ ಇದೆ. ೨೫ರೊಳಗೆ ಸಾಗುವವನಿಗೆ ಸೈಕಲ್ಲಿನ ಸ್ವಾತಂತ್ರ್ಯವೆಲ್ಲ ಇರಲಿ. ಅದಕ್ಕೆ ಮೇಲೆ ಬೇಕೆನ್ನುವವನು ಸಂಖ್ಯಾಫಲಕವನ್ನು ಕಟ್ಟಿ, ವಿಮೆಯನ್ನು ತೆತ್ತು, ತಲೆಗೆ ತಕ್ಕ ಹೆಲ್ಮೆಟ್ಟನ್ನು ಧರಿಸಿ, ಮೋಟಾರುಗಳ ಸಾಲಿಗೆ ಬಹಿರಂಗವಾಗಿ ಬಂದು ಸೇರಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲನ್ನು ಮುಚ್ಚುವ ಹಳೆಯ ಅಭ್ಯಾಸವನ್ನು ಈ ಒಂದು ವಿಷಯದಲ್ಲಾದರೂ ಸರ್ಕಾರದವರೂ ನಾಗರಿಕರೂ ಕೈಬಿಡುವರೆಂದು ಆಶಿಸುತ್ತೇವೆ.